ಮಳೆಗಾಲವಿಲ್ಲದ ಮಳೆನಾಡು

ಆಗುಂಬೆಯ ಮಳೆಯನ್ನು ಕಂಡವರಿಗೆ ಆ ವಿಷಯದಲ್ಲಿ ತುಸು ಅಭಿಮಾನವಿರುವುದು ಸಹಜವೇ ಸರಿ; ಆದರೆ ಆಷಾಢ ಶ್ರಾವಣಗಳಲ್ಲಿ ಧಾರಾಕಾರವಾಗಿ ಸುರಿವ ಆ ಮಳೆಗೂ ಕಾರ್ತಿಕದ ಹೊತ್ತಿಗೆ ದಣಿವು ತೋರುತ್ತದೆ, ಮಾಘದಲ್ಲಿ ಅಂಗಳದ ತುಂಬ ಅಡಕೆ ಒಣಗುತ್ತದೆ. ದಣಿವನ್ನೇ ಅರಿಯದ ಮಳೆಯೆಂಬುದೊಂದಿದ್ದರೆ ಅದು ದಕ್ಷಿಣ ಅಮೆರಿಕದ ವಾಯವ್ಯ ಮೂಲೆಯಲ್ಲಿ, ಕೊಲಂಬಿಯಾ ದೇಶದ ಚೊಕೋ ಪ್ರಾಂತದಲ್ಲಿದೆ.

ಪೂರ್ವಕ್ಕೆ ಆಂಡೀಸ್ ಪರ್ವತದ ಪಶ್ಚಿಮ ಶ್ರೇಣಿ, ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ. ನಡುವಿನ ತಗ್ಗಿನ ದಟ್ಟಾರಣ್ಯವನ್ನು ಸೀಳಿಕೊಂಡು ಅತ್ರಾತೋ ನದಿ, ಹತ್ತಿರದ ಪೆಸಿಫಿಕ್ಕಿಗೆ ಬೌದೋ ಬೆಟ್ಟಸಾಲು ಅಡ್ಡವಾದುದರಿಂದ, ಉತ್ತರಾಭಿಮುಖವಾಗಿ ಹರಿದು ಕೆರಿಬಿಯನ್ ಸಮುದ್ರವನ್ನು ಸೇರುತ್ತದೆ. ಆ ನದಿಯ ದಡದ ಕಿಬ್ದೋ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 8,000 ಮಿಲಿಮೀಟರ್ ಮಳೆ. ಇದಕ್ಕಿಂತಲೂ ವಿಸ್ಮಯಕರವಾದುದು, ಅಲ್ಲಿನ ಅತ್ಯಂತ 'ಒಣ' ತಿಂಗಳೆನಿಸಿದ ಫೆಬ್ರವರಿಯಲ್ಲಿಯೂ ಬೀಳುವ ಸುಮಾರು 500 ಮಿಲಿಮೀಟರ್: ಬೆಂಗಳೂರಿನ ಇಡೀ ವರ್ಷದ ಮಳೆಯಲ್ಲಿ ಅರ್ಧ!

ಇದರ ಕಾರಣವನ್ನು ಅರಸಹೊರಟರೆ ನಮಗೆ ಪರಿಚಿತವಾದ ಗಾಳಿಯೇ ಎದುರಾಗುತ್ತದೆ. ದಕ್ಷಿಣ ಗೋಳಾರ್ಧದ ವಾಣಿಜ್ಯ ಮಾರುತಗಳು ಸಮಭಾಜಕ ವೃತ್ತವನ್ನು ದಾಟುತ್ತಲೇ ಭೂಭ್ರಮಣದ ಫಲವಾಗಿ ಬಲಕ್ಕೆ ತಿರುಗಿ, ಬೆಚ್ಚನೆಯ ಕಡಲಿನಿಂದ ಆರ್ದ್ರತೆಯನ್ನು ಹೀರಿಕೊಂಡು ಆಂಡೀಸಿಗೆ ಅಪ್ಪಳಿಸುತ್ತವೆ. ನಮ್ಮ ಕರಾವಳಿಗೆ ಮುಂಗಾರನ್ನು ತರುವುದೂ ಇಂಥದೇ ತಿರುವು. ಆದರೆ ಏಷ್ಯಾಖಂಡ ಕಾದು ತಣಿಯುವುದನ್ನು ಅನುಸರಿಸಿ ನಮ್ಮಲ್ಲಿ ಗಾಳಿಗಳ ಸಂಗಮಸ್ಥಾನ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡಿದರೆ, ಪೂರ್ವ ಪೆಸಿಫಿಕ್ಕಿನಲ್ಲಿ ಸಮಭಾಜಕದ ಬಳಿಯ ತಣ್ಣೀರು ಅದನ್ನು ಬಹುಪಾಲು ಉತ್ತರದಲ್ಲಿಯೇ ನಿಲ್ಲಿಸಿಬಿಡುತ್ತದೆ. ಹೀಗಾಗಿ ಗಾಳಿ ಬೇಸಗೆಯ ಮುಖ ನೋಡಿ ಹಿಂದಿರುಗುವ ಮಾತೇ ಇಲ್ಲ. ಇರುಳಿನಲ್ಲಿ ಮಲೆಗಳಿಂದಿಳಿವ ತಂಗಾಳಿಯೂ ಕಡಲಗಾಳಿಯೂ ಎದುರುಬದುರಾಗುವುದರಿಂದ ಗುಡುಗು ಮಳೆಗೆ ರಾತ್ರಿಯೇ ಪ್ರಶಸ್ತಕಾಲ. ಇದೇ ಸಾಗರದ ಅಂಚಿನಲ್ಲಿ, ಶೀತಪ್ರವಾಹದ ತೋಳಿಗೆ ಸಿಕ್ಕ ಪೆರುವಿನ ತೀರವಾದರೋ ಮರುಭೂಮಿ.

ಇಂಥ ನೆಲದಲ್ಲಿ ಮೂಲನಿವಾಸಿಗಳಾದ ಎಂಬೆರಾ ಜನ ಕಂಬಗಳ ಮೇಲೆ ಮನೆ ಕಟ್ಟಿದರು. ಸ್ಪೇನಿನವರು ಚಿನ್ನದ ಗಣಿಗಳಿಗೆ ದಾಸರನ್ನಾಗಿ ತಂದ ಆಫ್ರಿಕನ್ನರ ವಂಶಜರೇ ಇಂದು ಇಲ್ಲಿ ಬಹುಸಂಖ್ಯಾತರು. ಚಿನ್ನದ ಆಸೆ ಇನ್ನೂ ಇಂಗಿಲ್ಲ: ಗಣಿಗಾರಿಕೆಯ ಪಾದರಸದಿಂದ ಕಲುಷಿತವಾದ ಅತ್ರಾತೋ ನದಿಗೆ 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು, ಮನುಷ್ಯರಿಗಿರುವಂತೆ, ಹಕ್ಕುಗಳುಂಟೆಂದು ತೀರ್ಪಿತ್ತಿತು.

ಅಮೆರಿಕ ಖಂಡಗಳ ಉದ್ದಕ್ಕೂ ಬಂದ ಹೆದ್ದಾರಿ ಈ ಪ್ರಾಂತದ ಉತ್ತರದಂಚಿನ ದಾರಿಯೆನ್ ಕಾಡಿನಲ್ಲಿ ಸುಮಾರು 100 ಕಿಲೋಮೀಟರ್ ಕಡಿದುಹೋಗಿದೆ. ಕಡಲತೀರದ ನುಕೀ ಊರಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೆ ಪುಟ್ಟ ವಿಮಾನದಲ್ಲಿ. ವಿಮಾನವಾದರೆ, ಮೋಡ ತೆರಪು ಕೊಡುವವರೆಗೆ ಕಾದು.