ಖುಲಾಸೆಯಾದವರಿಗೆ ಸಲ್ಲಬೇಕಾದ ಬಾಕಿ

ಹೆಂಡತಿಯನ್ನು ಕೊಂದನೆಂದು ಗಂಡನನ್ನು ಜೈಲಿಗೆ ಹಾಕಿದ್ದರು. ದೋಷಾರೋಪ ಪಟ್ಟಿಯ ಪ್ರಕಾರ ಸತ್ತಿದ್ದ ಆ ಹೆಂಡತಿ ಬದುಕಿದ್ದಳು! 2025ರಲ್ಲಿ ಮೈಸೂರಿನ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ನಿರ್ದೋಷಿ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷ್ಯ ಇರಲಾರದು. ಆದರೂ ಆ ಹಣ ಬಂದದ್ದು ನ್ಯಾಯಾಧೀಶರ ವಿವೇಚನೆಯಿಂದ. ಖುಲಾಸೆಯಾದವರು ಪರಿಹಾರವನ್ನು ಹಕ್ಕಿನಿಂದ ಕೇಳಬಹುದಾದ ಕಾನೂನು ನಮ್ಮ ದೇಶದಲ್ಲಿಲ್ಲ.

ಸಕಾರಣವಿಲ್ಲದೆ ಒಬ್ಬರನ್ನು ಪೊಲೀಸರಿಂದ ಬಂಧನ ಮಾಡಿಸಿದವರು ಬಂಧಿತರಿಗೆ ಪರಿಹಾರ ಕೊಡಬೇಕೆಂಬ ಕಲಂ ಒಂದಿದೆ. ಮಿತಿ 1,000 ರೂಪಾಯಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಮೊತ್ತ 2023ರ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ ಉಳಿದಿದೆ.

ಮಿಕ್ಕಂತೆ ಇರುವುದು ರಿಟ್ ಅರ್ಜಿಯ ದಾರಿ. ಬಿಹಾರದ ರುದಲ್ ಷಾ 1968ರಲ್ಲೇ ಖುಲಾಸೆಯಾಗಿದ್ದರೂ ಜೈಲಿನ ಬಾಗಿಲು ತೆರೆದದ್ದು 1982ರಲ್ಲಿ. ಸುಪ್ರೀಂ ಕೋರ್ಟ್ 1983ರಲ್ಲಿ 30,000 ರೂಪಾಯಿ ಕೊಡಿಸಿ, ಮೂಲಭೂತ ಹಕ್ಕು ಕಸಿದ ಸರ್ಕಾರ ಹಣ ತೆರಬೇಕೆಂಬ ತತ್ವವನ್ನು ಎತ್ತಿಹಿಡಿಯಿತು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ 1994ರಲ್ಲಿ ಬಂಧಿತರಾದರು. ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ಕೊಡಿಸಿದ್ದು 2018ರಲ್ಲಿ. ಆದರೆ ಅಕ್ಷರಧಾಮ ದಾಳಿ ಪ್ರಕರಣದಲ್ಲಿ 2014ರಲ್ಲಿ ಖುಲಾಸೆಯಾದವರು ಪರಿಹಾರ ಕೇಳಿದಾಗ ಅದೇ ನ್ಯಾಯಾಲಯ ಒಪ್ಪಲಿಲ್ಲ. ಹೆಸರು, ವಕೀಲರು, ದಶಕಗಟ್ಟಲೆ ಕಾದಾಡುವ ತ್ರಾಣ ಇದ್ದವರಿಗಷ್ಟೇ ತೆರೆಯಬಹುದಾದ ಬಾಗಿಲಿದು. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅವರಲ್ಲಿ ಎಷ್ಟು ಜನ ಕೂಲಿ ಬಿಟ್ಟು ದೆಹಲಿಯವರೆಗೆ ಹೋಗಬಲ್ಲರು?

ದೆಹಲಿ ಹೈಕೋರ್ಟ್ ಕೇಳಿಕೊಂಡ ಮೇಲೆ ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿ ಕೊಟ್ಟಿತು. ಪರಿಹಾರಕ್ಕೆ ವಿಶೇಷ ನ್ಯಾಯಾಲಯ ಬೇಕೆಂದಿತು. ಸ್ವಾಗತಾರ್ಹ ಮಾತು. ಆದರೆ ಪೊಲೀಸರು ಅಥವಾ ಅಭಿಯೋಜಕರು ದುರುದ್ದೇಶದಿಂದ ಇಲ್ಲವೇ ಸದ್ಭಾವನೆಯಿಲ್ಲದೆ ನಡೆದುಕೊಂಡರೆಂದು ತೋರಿಸುವ ಹೊರೆಯನ್ನು ಅದು ಅರ್ಜಿದಾರನ ಹೆಗಲಿಗೇ ಹೊರಿಸಿತು. ನನ್ನ ತಕರಾರು ಇಲ್ಲಿದೆ. ಪೊಲೀಸರ ಮನಸ್ಸಿನಲ್ಲಿದ್ದದ್ದನ್ನು ಈತ ಹೇಗೆ ಸಾಬೀತು ಮಾಡಬೇಕು? ಪ್ರಾಮಾಣಿಕ ತಪ್ಪಿನಿಂದ ಒಳಗೆ ಹಾಕಿದ್ದರೂ ಕಳೆದುಹೋದ ವರ್ಷಗಳು ಅಷ್ಟೇ. ಆ ವರದಿಯೂ 2023ರ ಸಂಹಿತೆಯೊಳಗೆ ಸೇರಲಿಲ್ಲ.

ಜರ್ಮನಿ 1971ರಲ್ಲೇ ಇದಕ್ಕೆಂದು ಕಾನೂನು ಮಾಡಿತು. ವಿಚಾರಣೆಗಾಗಿ ಬಂಧನದಲ್ಲಿದ್ದು ಖುಲಾಸೆಯಾದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಮಾನಸಿಕ ಯಾತನೆಗೆ ದಿನಕ್ಕೆ 75 ಯೂರೊ. ಕಳೆದುಕೊಂಡ ಸಂಪಾದನೆಗೆ ಬೇರೆ. ಬಂಧನಕ್ಕೆ ತಾನೇ ಕಾರಣನಾದವನಿಗೆ ಸಿಗುವುದಿಲ್ಲ ಎಂಬಂಥ ಕೆಲವು ಷರತ್ತುಗಳಿವೆ. ಆದರೆ ಪೊಲೀಸರ ಕೆಟ್ಟತನವನ್ನು ಯಾರೂ ಸಾಬೀತು ಮಾಡಬೇಕಿಲ್ಲ.

ಸಾಕ್ಷ್ಯ ಸಾಲದೆ ಬಿಡುಗಡೆಯಾದ ನಿಜ ಅಪರಾಧಿಗೂ ಹಣ ಹೋದೀತು ಎಂಬ ಆಕ್ಷೇಪವಿದೆ. ಅಪರಾಧ ಸಾಬೀತಾಗದವನು ನಿರಪರಾಧಿ ಎಂಬುದು ನಾವೇ ಒಪ್ಪಿದ ನಿಯಮ. ಪರಿಹಾರದ ಮಾತು ಬಂದಾಗ ಅದನ್ನು ಬದಲಿಸಲಾಗದು. ನಮ್ಮಲ್ಲೂ ಖುಲಾಸೆ ಮಾಡುವ ನ್ಯಾಯಾಧೀಶರೇ ಅದೇ ಆದೇಶದಲ್ಲಿ ಬಂಧನದ ದಿನಗಳನ್ನು ಎಣಿಸಿ, ಕಳೆದುಕೊಂಡ ಕೂಲಿ, ವಕೀಲರಿಗೆ ಕೊಟ್ಟ ಹಣ ಎಲ್ಲ ಕೂಡಿಸಿ, ಪಾವತಿಗೆ ಗಡುವು ಹಾಕಲಿ. ಜೈಲಿನಿಂದ ಬಂದವನು ಇನ್ನೊಂದು ಮೊಕದ್ದಮೆ ಹೂಡುವಂತಾಗಬಾರದು.