ಒಂದೇ ಸ್ಕೇಲ್ 21 ದಿನ ನುಡಿಸಿದರೆ ಇಡೀ ಗಿಟಾರ್ ಕೈವಶವಾಗುತ್ತಾ?

"ದಿನಾ ಒಂದೇ ಸ್ಕೇಲನ್ನು ವೇಗವಾಗಿ ಮೇಲೆ ಕೆಳಗೆ ನುಡಿಸಿ. ಕೈ ನೋಯಬೇಕು, ನೋವೇ ಪ್ರಗತಿ. 21 ದಿನದಲ್ಲಿ ಜಾಝ್ ನಿಮ್ಮದು!" ಇಂಥ ಮಾತುಗಳು ರೀಲ್ಸ್‌ನಲ್ಲಿ, ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಗೊಳಸಂಗಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಫೋನನ್ನೇ ಗುರು ಮಾಡಿಕೊಂಡವರು ಇದನ್ನು ನಂಬುವುದು ಸಹಜ. ಇದರಲ್ಲಿ ನಿಜವೆಷ್ಟು? ನೋಡೋಣ.

21 ದಿನದ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಒಂದು ಪುಸ್ತಕ ಬರೆದರು. ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು ಎಂದಿದ್ದರು. ಬಾಯಿಂದ ಬಾಯಿಗೆ ಬರುವಾಗ 'ಕನಿಷ್ಠ' ಬಿದ್ದುಹೋಯಿತು, 21 ಉಳಿಯಿತು. 2009ರಲ್ಲಿ ಪ್ರಕಟವಾದ ಲಂಡನ್‌ನ ಅಧ್ಯಯನವೊಂದರಲ್ಲಿ ಸಣ್ಣ ಅಭ್ಯಾಸವೊಂದು ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಅದೂ ರೂಢಿಯ ಮಾತು, ವಿದ್ಯೆಯದ್ದಲ್ಲ.

ಗಿಟಾರ್ ಎಂದರೆ ಪೇಟಿಯಲ್ಲ

ಭಜನೆಯ ಪೇಟಿಯಲ್ಲಿ ಒಂದು ಸ್ವರಕ್ಕೆ ಒಂದೇ ಜಾಗ. ಗಿಟಾರ್‌ನಲ್ಲಿ ಹಾಗಲ್ಲ. ಅತಿ ತೆಳುವಾದ ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರವೇ ಎರಡನೇ ತಂತಿಯ 5ನೇ, ಮೂರನೇ ತಂತಿಯ 9ನೇ, ನಾಲ್ಕನೇ ತಂತಿಯ 14ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಒಂದೇ ಜಾಗದಲ್ಲಿ ಸ್ಕೇಲ್ ಉರುಹೊಡೆದರೆ ಬೆರಳಿಗೆ ಆ ಜಾಗ ಮಾತ್ರ ಗೊತ್ತಾಗುತ್ತದೆ. ಜಾಝ್‌ನಲ್ಲಿ ಕಾರ್ಡ್ ಬೇಗ ಬೇಗ ಬದಲಾಗುತ್ತದೆ. ಕೈ ಎಲ್ಲಿದೆಯೋ ಅಲ್ಲೇ ಮುಂದಿನ ಸ್ವರ ಹುಡುಕಬೇಕು.

ಇನ್ನೊಂದು ಗುಟ್ಟು: ಬಿಲಾವಲ್‌ನ ಸ್ವರಗಳನ್ನೇ 'ರಿ'ಯಿಂದ ಶುರುಮಾಡಿ ಅದನ್ನೇ 'ಸ' ಎಂದುಕೊಂಡರೆ ಕಾಫಿ ಥಾಟ್ ಬರುತ್ತದೆ. ಜಾಝ್‌ನವರು ಇದನ್ನು ಡೋರಿಯನ್ ಎನ್ನುತ್ತಾರೆ.

ಹಾಗಾದರೆ ಅಭ್ಯಾಸ ಹೇಗೆ?

1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಮೂರು ಕೆಲಸ ಕಲಿಸಿ ನೋಡಿದರು. ಒಂದೊಂದನ್ನೇ ಸತತವಾಗಿ ಮಾಡಿದವರು ಆ ಹೊತ್ತಿಗೆ ಚುರುಕಾಗಿದ್ದರು. ಆದರೆ ಬೆರೆಸಿ ಮಾಡಿದವರಲ್ಲಿ ಕಲಿತದ್ದು ಹೆಚ್ಚು ಉಳಿಯಿತು. ಇದು ಗಿಟಾರ್ ಮೇಲಿನ ಪ್ರಯೋಗವಲ್ಲ, ಆದರೂ ದಾರಿ ತೋರಿಸುತ್ತದೆ:

• ಸ್ಕೇಲನ್ನು ಒಂದೇ ತಂತಿಯ ಮೇಲೆ ಉದ್ದಕ್ಕೂ ನುಡಿಸಿ.
• ಬಳಿಕ ನಾಲ್ಕೈದು ಫ್ರೆಟ್ ಒಳಗೇ ಆರೂ ತಂತಿಗಳಲ್ಲಿ ಹುಡುಕಿ.
• ಪ್ರತಿ ಸಲ ಬೇರೆ ಸ್ವರದಿಂದ ಶುರುಮಾಡಿ, ಸ್ವರದ ಹೆಸರು ಬಾಯಲ್ಲಿ ಹೇಳಿ.
• ಮೊದಲು ನಿಧಾನ, ವೇಗ ಆಮೇಲೆ.

ನೋವು ಪ್ರಗತಿಯೇ?

ಹೊಸಬರಿಗೆ ಬೆರಳ ತುದಿ ಉರಿಯುವುದು ಸಾಮಾನ್ಯ, ಚರ್ಮ ಗಟ್ಟಿಯಾದಂತೆ ಕಡಿಮೆಯಾಗುತ್ತದೆ. ಆದರೆ ಮಣಿಕಟ್ಟು, ಮುಂಗೈ ನೋವು, ಜುಮುಗುಡುವಿಕೆ, ಮರಗಟ್ಟುವಿಕೆ ಕಂಡರೆ ನಿಲ್ಲಿಸಿ. ವಿಶ್ರಾಂತಿಯ ನಂತರವೂ ಉಳಿದರೆ ವೈದ್ಯರಿಗೆ ತೋರಿಸಿ. ಇದನ್ನು ಕಡೆಗಣಿಸಿದರೆ ವಾದ್ಯವನ್ನೇ ಕೆಳಗಿಡಬೇಕಾದೀತು.

ಜಾಂಗೋ ರೈನ್‌ಹಾರ್ಟ್ ಅವರ ಎಡಗೈಯ ಎರಡು ಬೆರಳು 1928ರ ಬೆಂಕಿ ಅವಘಡದಲ್ಲಿ ಊನವಾದವು. ಉಳಿದೆರಡು ಬೆರಳಲ್ಲೇ ಹೆಚ್ಚಾಗಿ ಸೋಲೋ ನುಡಿಸಿ ಅವರು ಜಾಝ್ ಗಿಟಾರ್‌ನ ದಿಗ್ಗಜರಾದರು. ಕೈಗೆ ತಕ್ಕ ದಾರಿ ಹುಡುಕಿಕೊಂಡರೇ ಹೊರತು ನೋವಿನ ಲೆಕ್ಕ ಇಡಲಿಲ್ಲ.

ನಮ್ಮ ತೀರ್ಮಾನ: ದಿನನಿತ್ಯದ ಅಭ್ಯಾಸ ಬೇಕು, ನಿಜ. 21 ದಿನದ ಗ್ಯಾರಂಟಿ ಮತ್ತು "ನೋವೇ ಪ್ರಗತಿ" ಎರಡೂ ತಪ್ಪು. ಗಿಟಾರ್ ಕಲಿಯುವ ಮಕ್ಕಳಿರುವ ಮನೆಗೆ ಆ ಸಂದೇಶದ ಬದಲು ಇದನ್ನು ಕಳಿಸಿ.