ಕೋಷ್ಟಕದ ಕಂಬಸಾಲು ಎಷ್ಟು ಅಗಲವಿರಬೇಕು?

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳನ್ನು ಕುರಿತು ನಿಮ್ಮ ವಿದ್ಯಾರ್ಥಿಗಳು ಒಂದು ಜಾಲಪುಟ ಸಿದ್ಧಪಡಿಸುತ್ತಿದ್ದಾರೆ ಎಂದುಕೊಳ್ಳಿ. ಮಾಹಿತಿಯನ್ನು ಎಚ್‌ಟಿಎಂಎಲ್ ಕೋಷ್ಟಕದಲ್ಲಿ ಜೋಡಿಸಬೇಕು. ಮೊದಲ ಕಂಬಸಾಲಿನಲ್ಲಿ ತಾಲ್ಲೂಕಿನ ಹೆಸರು, ಎರಡನೆಯದರಲ್ಲಿ ಒಂದು ಅಂಕಿ, ಮೂರನೆಯದರಲ್ಲಿ ಅದರ ವಿವರಣೆ. ಗೋಕಾಕದ ಎದುರು 52. ಘಟಪ್ರಭಾ ನದಿ ಗೋಕಾಕ ಜಲಪಾತದಲ್ಲಿ ಧುಮುಕುವ ಎತ್ತರ ಮೀಟರುಗಳಲ್ಲಿ. ಹುಕ್ಕೇರಿಯ ಎದುರು 1969. ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾದ ವರ್ಷ. ಮೂಡಲಗಿಯ ಎದುರು 2011; ಆ ವರ್ಷದ ಜನಗಣತಿಯಲ್ಲಿ ಅದಿನ್ನೂ ಗೋಕಾಕ ತಾಲ್ಲೂಕಿನ ಭಾಗವಾಗಿತ್ತು, ಆದ್ದರಿಂದ ಹಳೆಯ ಅಂಕಿ ಅಂಶಗಳನ್ನು ಹೋಲಿಸುವಾಗ ಎಚ್ಚರ ಬೇಕು ಎಂಬ ಟಿಪ್ಪಣಿ.

ಪುಟ ತೆರೆದಾಗ ಮೂರನೆಯ ಕಂಬಸಾಲು ಜಾಗವನ್ನೆಲ್ಲ ಆಕ್ರಮಿಸಿಕೊಂಡು ಉಳಿದೆರಡು ಮುದುರಿಕೊಂಡಿರುವುದು ಕಾಣುತ್ತದೆ. ಈ ಅಗಲವನ್ನು ನಿರ್ಧರಿಸಿದವರು ಯಾರು?

ನಾವು ಏನೂ ಹೇಳದಿದ್ದರೆ ಬ್ರೌಸರ್ ತಾನೇ ಲೆಕ್ಕ ಹಾಕುತ್ತದೆ. ಈ ಲೆಕ್ಕದ ಒಂದು ಸರಳ ರೂಪವನ್ನು ಡೇವ್ ರ‍್ಯಾಗೆಟ್ ಅವರು 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ಕೋಷ್ಟಕಗಳ ವಿವರಣಾ ದಾಖಲೆಯಲ್ಲಿ ಕೊಟ್ಟಿದ್ದರು. ಪ್ರತಿ ಕಂಬಸಾಲಿಗೂ ಎರಡು ಅಳತೆಗಳಿರುತ್ತವೆ. ಅದರಲ್ಲಿರುವ ಅತಿ ಉದ್ದದ ಪದ ಒಡೆಯದೆ ಹಿಡಿಸಲು ಬೇಕಾದದ್ದು ಕನಿಷ್ಠ ಅಗಲ. ಇಡೀ ವಾಕ್ಯ ಒಂದೇ ಸಾಲಿನಲ್ಲಿ ಕೂರಲು ಬೇಕಾದದ್ದು ಗರಿಷ್ಠ ಅಗಲ. ನಮ್ಮ ಮೂರು ಕಂಬಸಾಲುಗಳ ಕನಿಷ್ಠ ಅಗಲ 60, 60, 110 ಪಿಕ್ಸೆಲ್ ಎಂದೂ ಗರಿಷ್ಠ ಅಗಲ 80, 60, 410 ಎಂದೂ ಇಟ್ಟುಕೊಳ್ಳೋಣ. ಕನಿಷ್ಠಗಳ ಮೊತ್ತ 230, ಗರಿಷ್ಠಗಳ ಮೊತ್ತ 550. ಪರದೆಯಲ್ಲಿ 390 ಪಿಕ್ಸೆಲ್ ಜಾಗವಿದ್ದರೆ, ಎಲ್ಲರಿಗೂ ಕನಿಷ್ಠ ಹಂಚಿದ ಮೇಲೆ ಉಳಿಯುವುದು 160. ಎರಡು ಮೊತ್ತಗಳ ವ್ಯತ್ಯಾಸ 320. ಅಂದರೆ ಪ್ರತಿ ಕಂಬಸಾಲಿಗೂ ಅದರ ಹೆಚ್ಚುವರಿ ಬೇಡಿಕೆಯ ಅರ್ಧದಷ್ಟು ಸಿಗುತ್ತದೆ: 70, 60, 260. ಕೂಡಿ ನೋಡಿ, 390 ಬರುತ್ತದೆ. ಸರಾಸರಿ ಮತ್ತು ಅನುಪಾತ ಕಲಿಸುವ ತರಗತಿಗೆ ಇದು ಒಳ್ಳೆಯ ಲೆಕ್ಕ.

ಇಲ್ಲೊಂದು ತೊಡಕಿದೆ. ಕನ್ನಡದಲ್ಲಿ ಪದಗಳು ಸಂಧಿ ಸಮಾಸಗಳಿಂದ ಬೆಳೆಯುತ್ತವೆ. ‘ವಿದ್ಯುದುತ್ಪಾದನಾಕೇಂದ್ರ’ ಎಂಬ ಒಂದೇ ಪದ ಒಂದು ಕೋಶದಲ್ಲಿದ್ದರೆ ಸಾಕು, ಆ ಇಡೀ ಕಂಬಸಾಲಿನ ಕನಿಷ್ಠ ಅಗಲ ಏರಿಬಿಡುತ್ತದೆ. ಆದ್ದರಿಂದಲೇ ಅಗಲವನ್ನು ನಾವೇ ನಿಗದಿಪಡಿಸುವ ಯೋಚನೆ ಬರುತ್ತದೆ. ಅದಕ್ಕೆ ಬಳಸುವ ಭಾಷೆ ಜಾವಾಸ್ಕ್ರಿಪ್ಟ್.

ಕಲಿಯುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಹೀಗಿರುತ್ತದೆ: ಕಂಬಸಾಲಿನ ಅತಿ ಉದ್ದದ ಪದವನ್ನು ಹುಡುಕು, ಅದರ ‘ಲೆಂಗ್ತ್’ ಕೇಳು, ಬಂದ ಸಂಖ್ಯೆಯನ್ನು ಹತ್ತರಿಂದಲೋ ಹನ್ನೆರಡರಿಂದಲೋ ಗುಣಿಸಿ ಅಗಲವೆಂದು ಕೊಡು. ಇಂಗ್ಲಿಷಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮ ಮೂರು ಊರುಗಳ ಹೆಸರನ್ನೇ ಪರೀಕ್ಷಿಸಿ. ಕಿವಿಗೆ ಕೇಳುವಂತೆ ಎಣಿಸಿದರೆ ಗೋಕಾಕ 3 ಅಕ್ಷರ, ಹುಕ್ಕೇರಿ 3, ಮೂಡಲಗಿ 4. ಜಾವಾಸ್ಕ್ರಿಪ್ಟ್ ಕೊಡುವ ಉತ್ತರ ಕ್ರಮವಾಗಿ 5, 8 ಮತ್ತು 6! ನಾವು ಅತಿ ಉದ್ದವೆಂದುಕೊಂಡ ಮೂಡಲಗಿಗಿಂತ ಹುಕ್ಕೇರಿ ಉದ್ದವಾಯಿತು.

ಕಾರಣ ಯುನಿಕೋಡ್ ಸಂಕೇತದ ರಚನೆಯಲ್ಲಿದೆ. ಅಲ್ಲಿ ವ್ಯಂಜನಕ್ಕೊಂದು ಸಂಕೇತ, ಸ್ವರಚಿಹ್ನೆಗೆ ಇನ್ನೊಂದು, ಒತ್ತಕ್ಷರ ಮೂಡಿಸುವ ಹಲಂತಕ್ಕೆ ಮತ್ತೊಂದು. ಹುಕ್ಕೇರಿಯನ್ನು ಬಿಡಿಸಿದರೆ ಹ, ಉಕಾರ, ಕ, ಹಲಂತ, ಕ, ಏಕಾರ, ರ, ಇಕಾರ ಎಂದು ಎಂಟು ಸಂಕೇತಗಳು ಸಿಗುತ್ತವೆ. ಆದರೆ ಒತ್ತಕ್ಷರ ಕುಳಿತುಕೊಳ್ಳುವುದು ಅಕ್ಷರದ ಕೆಳಗೆ. ಅದು ಸಾಲಿನ ಎತ್ತರವನ್ನು ಬೇಡುತ್ತದೆಯೇ ಹೊರತು ಅಗಲವನ್ನು ಅಷ್ಟಾಗಿ ಬೇಡುವುದಿಲ್ಲ. ಇನ್ನೂ ವಿಚಿತ್ರವೆಂದರೆ ಗೋಕಾಕದ ಓಕಾರವನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿ ಬಿಡಿಸಿಯೂ ಬರೆಯಬಹುದು. ಬಿಡಿಸಿದಾಗ ಅದೇ ಗೋಕಾಕದ ಲೆಂಗ್ತ್ 7 ಆಗುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಹಾಗಾದರೆ ಕಿವಿಗೆ ಕೇಳುವ ಅಕ್ಷರಗಳನ್ನೇ ಎಣಿಸಿದರೆ ಸಾಲದೆ? ಸಾಲದು. ‘ಮೂ’ ಹಿಡಿಯುವ ಜಾಗಕ್ಕೂ ‘ಗ’ ಹಿಡಿಯುವ ಜಾಗಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನೀವೇ ಬರೆದು ನೋಡಬಹುದು.

ಎಣಿಸಿ ಕತ್ತರಿಸುವ ಅಭ್ಯಾಸದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಜಾಗ ಸಾಲದೆಂದು ಹೆಸರುಗಳ ಮೊದಲ ನಾಲ್ಕು ಸಂಕೇತಗಳನ್ನು ಮಾತ್ರ ಉಳಿಸಿದಿರಿ ಎನ್ನಿ. ಹುಕ್ಕೇರಿ ‘ಹುಕ್’ ಆಗುತ್ತದೆ. ಇದು ತಪ್ಪೆಂದು ಯಾರಿಗಾದರೂ ತಿಳಿಯುತ್ತದೆ. ಮೂಡಲಗಿ ಮಾತ್ರ ‘ಮೂಡಲ’ ಆಗುತ್ತದೆ. ಅದು ಪೂರ್ವ ದಿಕ್ಕನ್ನು ಹೇಳುವ ಸರಿಯಾದ ಕನ್ನಡ ಪದವೇ ಆದ್ದರಿಂದ ಓದುವವರಿಗೆ ಅನುಮಾನವೂ ಬರುವುದಿಲ್ಲ. ತಾಲ್ಲೂಕಿನ ಹೆಸರಿನ ಜಾಗದಲ್ಲಿ ದಿಕ್ಕಿನ ಹೆಸರು ಅಚ್ಚಾಗಿ ಹೋಗುತ್ತದೆ.

ಎಣಿಸುವ ಬದಲು ಅಳೆಯಬೇಕು. ಅಳೆಯಲು ಅತ್ಯುತ್ತಮ ಉಪಕರಣ ಬ್ರೌಸರೇ. ಮೊದಲು ಕೋಷ್ಟಕವನ್ನು ಅದರ ಪಾಡಿಗೆ ಬಿಟ್ಟು ಮೂಡಿಸಿ. ಜಾಲದಿಂದ ಬರುವ ಕನ್ನಡ ಅಕ್ಷರವಿನ್ಯಾಸ ಬಳಸಿದ್ದರೆ ಅದು ಪೂರ್ತಿ ಬರುವವರೆಗೆ ಕಾಯಿರಿ, ‘ಡಾಕ್ಯುಮೆಂಟ್.ಫಾಂಟ್ಸ್.ರೆಡಿ’ ಇದನ್ನು ತಿಳಿಸುತ್ತದೆ. ಅವಸರಪಟ್ಟರೆ ಬೇರೆ ಯಾವುದೋ ಫಾಂಟಿನ ಅಗಲವನ್ನು ಅಳೆದಂತಾಗುತ್ತದೆ. ಆಮೇಲೆ ತಲೆಸಾಲಿನ ಪ್ರತಿ ಕೋಶದ ಅಗಲವನ್ನು ಓದಿಕೊಳ್ಳಿ. ‘ಆಫ್‌ಸೆಟ್‌ವಿಡ್ತ್’ ಪೂರ್ಣಾಂಕ ಕೊಡುತ್ತದೆ, ‘ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್’ ದಶಮಾಂಶ ಸಹಿತ ಕೊಡುತ್ತದೆ. ಎಲ್ಲವನ್ನೂ ಓದಿದ ಬಳಿಕವೇ ಬರೆಯಲು ತೊಡಗಿ. ಒಂದನ್ನು ಓದಿ ಒಂದನ್ನು ಬರೆಯುತ್ತ ಹೋದರೆ ಪ್ರತಿ ಸಲವೂ ಬ್ರೌಸರ್ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕಾಗಿ ಪುಟ ನಿಧಾನವಾಗುತ್ತದೆ.

ಓದಿದ ಅಗಲಗಳನ್ನು ಕೋಶಗಳಿಗಲ್ಲ, ‘ಕೋಲ್‌ಗ್ರೂಪ್’ನೊಳಗಿನ ‘ಕೋಲ್’ಗಳಿಗೆ ಕೊಡಿ. ಈ ಎಚ್ಚರಿಕೆಗೆ ಕಾರಣವಿದೆ. ಓದಿದ ಅಳತೆಯಲ್ಲಿ ಕೋಶದ ಒಳಅಂಚೂ ಗೆರೆಯೂ ಸೇರಿರುತ್ತವೆ. ಅದನ್ನೇ ಕೋಶಕ್ಕೆ ಅಗಲವೆಂದು ಕೊಟ್ಟರೆ ಸಾಮಾನ್ಯವಾಗಿ ಬ್ರೌಸರ್ ಒಳಅಂಚನ್ನು ಮತ್ತೊಮ್ಮೆ ಕೂಡಿಸುತ್ತದೆ. ಹತ್ತು ಸಲ ಹೀಗೆ ಮಾಡಿದರೆ ಕೋಷ್ಟಕ ಹತ್ತು ಸಲ ಉಬ್ಬುತ್ತದೆ. ಕೊನೆಗೆ ಕೋಷ್ಟಕಕ್ಕೆ ಒಟ್ಟು ಅಗಲ ಕೊಟ್ಟು ‘ಟೇಬಲ್-ಲೇಔಟ್’ ಗುಣವನ್ನು ‘ಫಿಕ್ಸ್ಡ್’ ಮಾಡಿ. ಒಟ್ಟು ಅಗಲ ಕೊಡದಿದ್ದರೆ ಬ್ರೌಸರ್ ಹಳೆಯ ಲೆಕ್ಕಕ್ಕೇ ಮರಳುತ್ತದೆ. ಈಗ ಒಳಗಿನ ಪದಗಳು ಅಗಲವನ್ನು ಬದಲಿಸಲಾರವು. ಜಾಗ ಮೀರಿದ ಪದ ಪಕ್ಕದ ಕೋಶದ ಮೇಲೆ ಹರಿಯದಂತೆ ‘ಓವರ್‌ಫ್ಲೋ-ವ್ರಾಪ್’ ಗುಣ ಕೊಟ್ಟು ಅದನ್ನು ಮುಂದಿನ ಸಾಲಿಗೆ ಇಳಿಸಬಹುದು. ಮರೆಮಾಚುವುದಕ್ಕಿಂತ ಇದು ಮೇಲು. ಮರೆಮಾಚಿದರೆ ಮೂಡಲಗಿಯ ಕಥೆ ಮರುಕಳಿಸುತ್ತದೆ.

ಓದುಗರೇ ಗೆರೆಯನ್ನು ಎಳೆದು ಅಗಲ ಬದಲಿಸುವಂತೆ ಮಾಡುವುದು ಇಷ್ಟಾದ ಮೇಲೆ ಸುಲಭ. ಮೌಸ್ ಒತ್ತಿದಾಗ ಅದರ ಸ್ಥಾನವನ್ನೂ ಕಂಬಸಾಲಿನ ಆಗಿನ ಅಗಲವನ್ನೂ ನೆನಪಿಡಬೇಕು. ಚಲಿಸಿದಾಗ ಹೊಸ ಅಗಲ = ಮೊದಲಿನ ಅಗಲ + ಸ್ಥಾನದ ವ್ಯತ್ಯಾಸ. ಇಡೀ ಕೋಷ್ಟಕದ ಅಗಲಕ್ಕೂ ಅಷ್ಟೇ ವ್ಯತ್ಯಾಸವನ್ನು ಕೂಡಿಸಬೇಕು, ಇಲ್ಲವಾದರೆ ಉಳಿದ ಕಂಬಸಾಲುಗಳು ಜಗ್ಗಾಡುತ್ತವೆ. ಕನಿಷ್ಠ ಮಿತಿಯಾಗಿ 60ನ್ನೋ 80ನ್ನೋ ಕುರುಡಾಗಿ ಹಾಕದೆ, ಆ ಕಂಬಸಾಲಿನ ಅತಿ ಅಗಲದ ಪದವನ್ನು ಅಳೆದು ಹಾಕಿರಿ. ತಾಲ್ಲೂಕುಗಳ ಕಂಬಸಾಲಿನಲ್ಲಿ ಆ ಪದ ಯಾವುದು, ಹುಕ್ಕೇರಿಯೋ ಮೂಡಲಗಿಯೋ? ಎರಡು ಮೂರು ಕನ್ನಡ ಫಾಂಟುಗಳಲ್ಲಿ ಅಳೆದು ಉತ್ತರಗಳನ್ನು ಇನ್ನೊಂದು ಕೋಷ್ಟಕದಲ್ಲಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ.